ಠರಾವಿನಲ್ಲಿ ಇಲ್ಲದ ಮಾತು

ನೀಲವ್ವಕ್ಕ, ಅಂದು ಸಭೆಯಲ್ಲಿ ನಾನು ನಿಮಗೆ ಓದಿ ಹೇಳಿದ ಮಾತು ಠರಾವು ಪುಸ್ತಕದಲ್ಲಿ ಇರಲೇ ಇಲ್ಲ.

ಹನ್ನೊಂದು ವರ್ಷವಾಯಿತು. ಚಿಕ್ಕೇರೂರಿನ ಹಾಲಿನ ಸಂಘಕ್ಕೆ ಆಗ ನಾನು ಹೊಸ ಕಾರ್ಯದರ್ಶಿ. ದನ ಕಾಯ್ದು ಬೆಳೆದು, ಮೀಸೆ ಬಂದ ಮೇಲೆ ಅಕ್ಷರ ಕಲಿತವನು — ಬರೆಯಲು ಬರುತ್ತದೆ ಎಂಬುದೇ ನನಗೆ ದೊಡ್ಡ ಜಂಬ. ಆಗ ಸಭೆ ಹೇಗೆ ನಡೆಯುತ್ತಿತ್ತು ಎಂದು ನಿಮಗೆ ಗೊತ್ತೇ ಇದೆ. ಮೊದಲು ಖಾಲಿ ಹಾಳೆಗೆ ಎಲ್ಲರ ಸಹಿ, ಹೆಬ್ಬೆಟ್ಟು. ಆಮೇಲೆ ಚಹಾ, ಚುರುಮುರಿ. ಠರಾವನ್ನು ನಾನು ಮನೆಯಲ್ಲಿ ಕುಳಿತು ತುಂಬುತ್ತಿದ್ದೆ. ಕೊನೆಗೆ "ಸರ್ವಾನುಮತದಿಂದ" ಎಂದು ಬರೆದರೆ ಮುಗಿಯಿತು.

ಅಂದು ಹಾಲು ಅಳೆಯುವ ಜಾಗವನ್ನು ಚೇರ್ಮನ್ನರ ಅಂಗಳಕ್ಕೆ ಒಯ್ಯುವ ವಿಷಯ. ಬಾಗಿಲ ಬಳಿ ಕುಳಿತಿದ್ದ ನೀವು ಎದ್ದಿರಿ. "ಆ ಅಂಗಳದಾಗ ನಮ್ಮ ಓಣಿಯವ್ರು ಕಾಲಿಡಂಗಿಲ್ಲ. ಹಾಲು ಒಳಗ ಹೋಗ್ತೈತಿ, ನಾವು ಹೊರಗ ನಿಲ್ಲಬೇಕೇನ್ರಿ? ನಾ ಒಪ್ಪಂಗಿಲ್ಲ."

ಚೇರ್ಮನ್ನರು ಅಂದರು, "ಕುಂದ್ರ ಬೇ. ನಿನ್ನಕಿಂತ ನಿನ್ನ ಎಮ್ಮಿ ಶ್ಯಾಣೆ ಐತಿ, ಎಲ್ಲಿ ಕಟ್ಟಿದ್ರೂ ಸುಮ್ನ ನಿಲ್ತೈತಿ."

ಎಲ್ಲರೂ ನಕ್ಕರು. ನಾನೂ — ನಕ್ಕೆ. ಮನೆಗೆ ಹೋಗಿ "ಸರ್ವಾನುಮತದಿಂದ" ಎಂದೇ ಬರೆದೆ.

ಮುಂದಿನ ಸಭೆಯಲ್ಲಿ, ಯಾರೂ ಎಂದೂ ಕೇಳದ್ದನ್ನು ನೀವು ಕೇಳಿದಿರಿ. "ತಮ್ಮಾ, ಹೋದ ಸಲದ್ದು ಓದು. ನನ್ನ ಮಾತು ಬರದೀಯೋ ಇಲ್ಲೋ?"

ನಾನು ಪುಸ್ತಕ ತೆರೆದೆ. ಪುಟ ನೋಡುತ್ತಲೇ, ಪುಟದಲ್ಲಿ ಇಲ್ಲದ್ದನ್ನು ಓದಿದೆ — "ನೀಲವ್ವ ಇವರು ವಿರೋಧ ವ್ಯಕ್ತಪಡಿಸಿದರು." ಚೇರ್ಮನ್ನರು ಮೀಸೆಯಲ್ಲೇ ನಕ್ಕರು. ನೀವು ಹತ್ತಿರ ಬಂದಿರಿ. "ಎಲ್ಲೈತಿ? ತೋರ್ಸು." ನಿಮ್ಮ ಬೆರಳು ಹಿಡಿದು ನಾನು ಇಟ್ಟದ್ದು — "ಸರ್ವಾನುಮತ" ಎಂಬ ಶಬ್ದದ ಮೇಲೆ. ನೀವು ಸೆರಗು ಹೊದ್ದು, ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡಿರಿ.

ನಾಲ್ಕು ವರ್ಷ ನಿಮ್ಮ ಓಣಿಯ ಹೆಣ್ಣುಮಕ್ಕಳು ಗೇಟಿನ ಹೊರಗೆ ಕ್ಯಾನು ಹಿಡಿದು ನಿಂತರು. ಆಮೇಲೆ ಚುನಾವಣೆಯಲ್ಲಿ ಗೆದ್ದು ನೀವೇ ಚೇರ್ಮನ್ ಆದಿರಿ. ಅಲ್ಲಿಂದ ನಾನು ಕಂಡದ್ದು — ಹೇಗೆ ಹೇಳಲಿ... ವಾರ ಮೊದಲೇ ಮನೆಮನೆಗೆ ನೋಟಿಸು. ಠರಾವು ಬರೆದು ಓದುವ ತನಕ ಒಂದು ಸಹಿ ಇಲ್ಲ. "ಒಲ್ಲೆ ಅನ್ನೋರದ್ದು ಮೊದ್ಲ ಬರ್ಕೋ ತಮ್ಮಾ. ಹೂಂ ಅನ್ನೋರು ಎಲ್ಲಿ ಹೋಗ್ತಾರ."

ಹಾಲಿನ ಜಾಗವನ್ನು ಶಾಲೆಯ ಪಕ್ಕಕ್ಕೆ ತರುವ ಸಭೆಯಲ್ಲಿ ಹಳೆಯ ಚೇರ್ಮನ್ನರು ಎದ್ದು ವಿರೋಧಿಸಿದರು. ಹಿಂದಿನಿಂದ ಯಾರೋ ಅಣಕಿಸಿದಾಗ ನೀವು ಗದರಿ ಸುಮ್ಮನಾಗಿಸಿದಿರಿ. ಅವರ ಒಂದೊಂದು ಮಾತನ್ನೂ ಬರೆಸಿ, ಎರಡು ಸಲ ಓದಿಸಿ, "ನೀವು ಅಂದಿದ್ದು ಹಿಂಗ ಹೌದಲ್ರಿ ಸಾವ್ಕಾರ್ರ?" ಎಂದು ಕೇಳಿದಿರಿ. ಓದು ಬಾರದ ನಿಮಗೆ ಆ ಪುಸ್ತಕದ ಮೇಲೆ ಅಷ್ಟು ಮರ್ಯಾದೆ! ಓದು ಬಂದ ನಾನು —

ಹೊಸ ಸದಸ್ಯರಿಗೆ ನೀವು ಈಗಲೂ ಹೇಳುತ್ತೀರಿ, "ನಾ ಒಬ್ಬಾಕಿನ ಇದ್ದೆ, ಎಲ್ಲಾರೂ ನಕ್ರು. ಆದ್ರೂ ನನ್ನ ಮಾತು ಬುಕ್ಕಿನಾಗ ಐತಿ." ಅದನ್ನು ಕೇಳುತ್ತ ನಿಮ್ಮ ಪಕ್ಕದಲ್ಲೇ ಕುಳಿತಿರುತ್ತೇನೆ.

ಬರುವ ಸಭೆಯ ನೋಟಿಸಿನಲ್ಲಿ ನಾನು ಸುಳ್ಳು ಬರೆದ ಆ ಪುಟವನ್ನೇ ಮೊದಲ ವಿಷಯವಾಗಿ ಹಾಕಿದ್ದೇನೆ. ಅದಕ್ಕೂ ಮುಂಚೆ, ಒಂದೊಂದೇ ಅಕ್ಷರ ಹುಡುಕಿ ಟೈಪು ಮಾಡಿದ ಈ ಹಾಳೆಯನ್ನು ನಿಮ್ಮ ಮನೆಗೆ ತಂದು ಓದುತ್ತೇನೆ. ನಿಮ್ಮ ಸೊಸೆಗೆ ಓದಲು ಬರುತ್ತದೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾನು ಓದುವುದು ಹಾಳೆಯಲ್ಲಿ ಇದೆಯೋ ಇಲ್ಲವೋ — ಅವಳು ನೋಡಲಿ.