ಕರೀಮಸಾಬರ ಆಯೇರ

ಯಳವತ್ತಿಯಲ್ಲಿ ಗಾದಿ ಹೊಲಿಯುವ ಕರೀಮಸಾಬರಿಗೆ ಒಂದೇ ಒಂದು ಚಟ: ಯಾರ ಹಂಗೂ ಇಟ್ಟುಕೊಳ್ಳದಿರುವುದು. ಯಾರಾದರೂ ಚಹಾ ಕುಡಿಸಿದರೆ, ಮರುದಿನ ಅವರನ್ನು ಹುಡುಕಿ ಕುಡಿಸುವವರೆಗೆ ಈ ಮನುಷ್ಯನಿಗೆ ಅನ್ನ ಸೇರದು. "ಸಾಬರಿಗೆ ಒಂದು ತಂಬಗಿ ನೀರು ಕೊಟ್ಟೀರಿ ಮತ್ತ, ನಾಳೆ ಕೊಡಾನ ಹೊತ್ಕೊಂಡು ಬರ್ತಾರ!" ಎಂದು ಊರವರು ನಗುತ್ತಿದ್ದರು. ನಗಲಿ ಬಿಡಿ, ಸಾಬರೇನು ತಲೆ ಕೆಡಿಸಿಕೊಂಡವರಲ್ಲ.

ಮಗಳು ಯಾಸ್ಮೀನ ಲಕ್ಷ್ಮೇಶ್ವರದ ಆಸ್ಪತ್ರೆಯಲ್ಲಿ ಹೆತ್ತಾಗ, ತಾಯಿ-ಕೂಸನ್ನು ಕರೆತರಲು ಕರೀಮಸಾಬರ ಜೊತೆ ತನ್ನ ಕಾರಿನಲ್ಲಿ ಹೋದವನು ನೆರೆಮನೆಯ ಸುಭಾಷ. ಬರುವ ದಾರಿಯಲ್ಲಿ ಎಮ್ಮೆಯೊಂದು ಅಡ್ಡ ಬಂತು. ತಪ್ಪಿಸಲು ಹೋಗಿ ಕಾರು ಸೇತುವೆಯ ಕಟ್ಟೆಗೆ ಗುದ್ದಿತು. ಪುಣ್ಯಕ್ಕೆ ಒಳಗಿದ್ದ ಯಾರಿಗೂ ಒಂದು ಗೀರು ಬೀಳಲಿಲ್ಲ. ಕಾರಿನ ಮೋರೆ ಮಾತ್ರ ಅಪ್ಪಚ್ಚಿಯಾಯಿತು. ಕಾರು ಜಜ್ಜಿದರೇನಂತೆ, ಮಗಳು ಮನೆ ಮುಟ್ಟಿದಳಲ್ಲ! ಕರೀಮಸಾಬರು ಮರುದಿನವೇ ಸುಭಾಷನಿಗೆ ಟವೆಲ್ ಹೊದಿಸಿ, ಕಾಯಿಯ ಮೇಲೊಂದು ನೋಟಿಟ್ಟು, ಉಡುಗೊರೆಯಾಗಿ ಆಯೇರ ಮಾಡಿದರು.

ವಿಮಾ ಕಂಪನಿ ಅಷ್ಟು ಸಲೀಸಾಗಿ ಕೈ ಬಿಚ್ಚುವುದುಂಟೆ? ಸ್ವಂತಕ್ಕೆಂದು ವಿಮೆ ಮಾಡಿಸಿದ ಕಾರಿನಲ್ಲಿ ಬೇರೆ ಮನೆಯವರು ಯಾಕೆ ಇದ್ದರು ಎಂದು ತಕರಾರು ತೆಗೆಯಿತು. ಹಣ ಬಾರದಿದ್ದರೆ ರಿಪೇರಿ ಸುಭಾಷನ ಕೈಲಾಗದ ಮಾತು, ಕಾರು ಗುಜರಿಗೇ ಹೋಗಬೇಕು. ಸಾಕ್ಷಿ ಹೇಳಲು ಕರೀಮಸಾಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವನ ಜೊತೆ ಗದಗಿನ ಆಫೀಸಿಗೆ ಹೋದರು.

"ಬಾಡಿಗಿ ಕೊಟ್ಟಿದ್ರೇನ್ರಿ?" ಅಧಿಕಾರಿ ಮಾಯಾ ಮೇಡಂ ಕೇಳಿದಳು.

"ಬಾಡಿಗಿ ಯಾಕ್ರಿ? ಹಂಗಂತ ಪುಕ್ಕಟೆ ಬಂದೀವಿ ಅಂತ ತಿಳಕೋಬ್ಯಾಡ್ರಿ ಮತ್ತ!" ಕರೀಮಸಾಬರು ಎದೆ ಸೆಟೆಸಿದರು. "ಟವೆಲ್ಲು, ಕಾಯಿ, ಮ್ಯಾಲ ನೋಟು ಇಟ್ಟು ಆಯೇರ ಮಾಡೇವಿ."

ಸುಭಾಷ ಹಣೆ ಒತ್ತಿಕೊಂಡ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಹಾಗಾಯಿತು.

"ನೋಟು ಕೊಟ್ರ ನಮ್ಮ ಲೆಕ್ಕದಾಗ ಅದು ಬಾಡಿಗಿನ ಯಜಮಾನ್ರ. ಆಮ್ಯಾಲ ಕಂಪನಿ ಏನೂ ಕೊಡಂಗಿಲ್ಲ."

"ಅದು ಆಯೇರ ರೀ ಮೇಡಂ!"

"ಆಯೇರ ಅಂದ್ರ ಮ್ಯಾಲಿನವ್ರಿಗೆ ತಿಳಿಯಂಗಿಲ್ರಿ." ಆಕೆ ಸುಭಾಷನ ಮುಖ ನೋಡಿದಳು, ಪಾಪ ಅನಿಸಿರಬೇಕು. "ನಾ ಇನ್ನೂ ಬರಕೊಂಡಿಲ್ಲ. ಮತ್ತೊಮ್ಮೆ ಕೇಳ್ತೀನಿ, ವಿಚಾರ ಮಾಡಿ ಹೇಳ್ರಿ. ಏನರ ಕೊಟ್ರೇನು?"

ಕರೀಮಸಾಬರು ಅಂಗಿಯ ತೋಳು ಸರಿಮಾಡಿಕೊಂಡರು. ಸುಳ್ಳಿನ ಪಾಪ ಅತ್ತ ಇರಲಿ. ಬಾಣಂತಿ ಮಗಳನ್ನು ಇನ್ನೊಬ್ಬರ ಗಾಡಿಯಲ್ಲಿ ತಂದು, ಗಾಡಿಯವನನ್ನು ಬರಿಗೈಯಲ್ಲಿ ಕಳಿಸಿದವನು ಎಂದು ನಾಲ್ಕು ಜನರ ಮುಂದೆ ತಮ್ಮ ಬಾಯಿಂದಲೇ ಹೇಳಿಕೊಳ್ಳಬೇಕಲ್ಲ! ಪಕ್ಕದಲ್ಲಿ ಸುಭಾಷ ಅವರನ್ನೇ ನೋಡುತ್ತ ಕೂತಿದ್ದ.

"ಏನೂ ಕೊಟ್ಟಿಲ್ರಿ," ಎಂದರು ಮೇಜು ನೋಡುತ್ತ. "ಪುಕ್ಕಟೆ ಬಂದ್ವಿ."

ಹಣ ಮಂಜೂರಾಯಿತು. ಕಾರು ಹೊಸ ಮೋರೆ ಹೊತ್ತು ಊರಿಗೆ ಬಂತು, ಸುಭಾಷ ಓಣಿಗೆಲ್ಲ ಪೇಡೆ ಹಂಚಿದ. ಒಂದು ಮುಂಜಾನೆ ಕರೀಮಸಾಬರು ಬಸ್ಸಿಗೆ ಕಾಯುತ್ತ ನಿಂತಿದ್ದನ್ನು ಕಂಡು ಪಕ್ಕದಲ್ಲೇ ಕಾರು ನಿಲ್ಲಿಸಿದ.

"ಹತ್ರಿ ಕಾಕಾ, ನಾನೂ ಲಕ್ಷ್ಮೇಶ್ವರಕ್ಕ ಹೊಂಟೇನಿ."

"ಬ್ಯಾಡ ತಮ್ಮಾ, ನೀ ನಡಿ."

"ಯಾಕ್ರಿ, ನನ್ನ ಮ್ಯಾಲ ಸಿಟ್ಟೇನು?"

"ಛೇ ಛೇ, ನಿನ್ನ ಮ್ಯಾಲ ಎಂಥಾ ಸಿಟ್ಟೋ! ಹತ್ತಿದ್ರ ಏನರ ಕೊಡಬೇಕು. ಕೊಟ್ರ ನಿನಗ ತ್ರಾಸು. ಕೊಡದ ಕುಂತ್ರ, ಅವತ್ತು ಆಡಿದ ಸುಳ್ಳು ಖರೆ ಆಗಿಬಿಡತೈತಿ."

ಅಷ್ಟರಲ್ಲಿ ಬಸ್ಸು ಬಂತು. ಕರೀಮಸಾಬರು ಹತ್ತಿದರು, ಕೂರುವ ಮೊದಲೇ ಕಂಡಕ್ಟರನ ಕೈಗೆ ದುಡ್ಡು ಕೊಟ್ಟರು.