ಚಾಚಿಯ ನಲ್ಲಿ ಎರಡನೇ ಪುಟದಲ್ಲಿತ್ತು

ಶಿವಮೊಗ್ಗ ಬಸ್‌ಸ್ಟ್ಯಾಂಡ್ ಹತ್ರದ ಜೆರಾಕ್ಸ್ ಅಂಗಡೀಲಿ ನಿಂತಿದ್ದೀನಿ. ನನ್ನ ಪಿಎಚ್.ಡಿ.ಯ ಮೊದಲ್ನೇ ಅಧ್ಯಾಯ ಪ್ರಿಂಟ್ ಆಗ್ತಿದೆ. ಗೈಡ್ ಇದನ್ನ ಎರಡು ಸಲ ವಾಪಸ್ ಕೊಟ್ಟಿದ್ದಾರೆ. ಎರಡು ಸಲವೂ ಮಾರ್ಜಿನ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಅಷ್ಟೇ. ಬಿಸಿ ಹಾಳೆ ಕೈಗೆ ಬಂತು. ನಿಮಗೂ ಗೊತ್ತಿರುತ್ತೆ ಆ ವಾಸನೆ, ಇಸ್ತ್ರಿ ಪೆಟ್ಟಿಗೆ ಕೆಳಗೆ ಸೀದ ಬಟ್ಟೆ ಥರ. ಜುಲೇಖಾ ಚಾಚಿ ನೆನಪಾದ್ರು.

ಎಂ.ಎ. ಓದೋವಾಗ ಭದ್ರಾವತೀಲಿ ಚಾಚಿ ಮನೆ ಮಹಡಿ ಮೇಲೆ ಬಾಡಿಗೆಗಿದ್ದೆ. ಅಲ್ಲಿಂದ ದಿನಾ ಬಸ್ಸಲ್ಲಿ ಶಂಕರಘಟ್ಟದ ಯೂನಿವರ್ಸಿಟಿಗೆ. ಕನ್ನಡ ಎಂ.ಎ. ಹುಡುಗ ಅಂತ ಬೀದೀಲಿ ಭಾರಿ ಗೌರವ. ಮದುವೆ ಕಾಗದಕ್ಕೆ, ಶ್ರದ್ಧಾಂಜಲಿ ಫ್ಲೆಕ್ಸಿಗೆ ನಾಲ್ಕು ಸಾಲು ಕೇಳ್ಕೊಂಡು ಬರೋರು. ನಾನು ಹದಿನಾಲ್ಕು ಕೊಡ್ತಿದ್ದೆ. ಒಂದ್ಸಲ ನನ್ನ ದುಃಖ ಎಷ್ಟು ಉದ್ದ ಆಯ್ತು ಅಂದ್ರೆ, ತೀರ್ಕೊಂಡೋರ ಫೋಟೋ ಪಾಸ್‌ಪೋರ್ಟ್ ಸೈಜಿಗೆ ಇಳೀತು.

ಆ ಬೇಸಿಗೇಲಿ ಬೀದಿ ನಲ್ಲಿ ನಿಂತೋಯ್ತು. ಚಾಚಿಗೆ ಎರಡೂ ಮಂಡಿ ನೋವು. ಪಕ್ಕದ ಬೀದಿಯಿಂದ ಕೊಡ ಹೊತ್ಕೊಂಡು ಬಂದು ಮೆಟ್ಟಿಲ ಮೇಲೆ ಕೂತ್ರೆ ಏಳೋಕೆ ಕಾಲು ಗಂಟೆ. ನೀನೇನು ಮಾಡ್ತಿದ್ದೆ ಅಂತೀರಾ? ನಾನೂ ಎರಡು ದಿನ ಹೊತ್ತೆ, ಮಾರಾಯ್ರೆ. ಅರ್ಧ ನೀರು ರಸ್ತೆಗೆ, ಇನ್ನರ್ಧ ನನ್ನ ಪ್ಯಾಂಟಿಗೆ. ಮೂರನೇ ದಿನ ಚಾಚೀನೇ, "ಬೇಟಾ, ನೀನು ಅರ್ಜಿ ಬರಿ. ಅದೊಂದೇ ನಿನ್ ಕೈಲಾಗೋದು" ಅಂದ್ರು.

ಅದೂ ಆಗಲ್ಲ ಅಂತ ಆಗ ಇಬ್ಬರಿಗೂ ಗೊತ್ತಿರ್ಲಿಲ್ಲ.

ಅರ್ಜಿ ಅಂದ್ಮೇಲೆ ಮೊದಲು ಸಾಹೇಬ್ರನ್ನ ಹೊಗಳ್ಬೇಕು, ಆಮೇಲೆ ಕಷ್ಟ ಹೇಳ್ಕೋಬೇಕು ಅನ್ನೋದು ನಮ್ಮ ಕಡೆ ಪದ್ಧತಿ. ನಾನು ಭದ್ರಾ ನದಿ ಹುಟ್ಟಿದಲ್ಲಿಂದ ಶುರು ಮಾಡಿ, ನೀರಿನ ಆಫೀಸಿನವರ ಭಗೀರಥ ಪ್ರಯತ್ನಕ್ಕೆ ಬರೋ ಹೊತ್ತಿಗೆ ಒಂದು ಪುಟ ಮುಗೀತು. ಚಾಚಿಯ ನಲ್ಲಿ ಎರಡನೇ ಪುಟದ ಕೊನೇಲಿ ಬಂತು, ಅದೂ "ಪ್ರಾಸಂಗಿಕವಾಗಿ" ಅಂತ. ಜೆರಾಕ್ಸ್ ಮಾಡಿಸಿ, ಬಿಸಿ ಬಿಸಿಯಾಗೇ ಕೊಟ್ಟು ಬಂದೆ.

ಹತ್ತು ದಿನ ಯಾರೂ ಬರ್ಲಿಲ್ಲ. ಚಾಚಿ ಜೊತೆ ಆಫೀಸಿಗೆ ಹೋದೆ. ನೋಡ್ತೀನಿ, ನೋಟಿಸ್ ಬೋರ್ಡಲ್ಲಿ ನನ್ನ ಮೊದಲ್ನೇ ಪುಟ, ನಾಲ್ಕೂ ಮೂಲೆಗೆ ಪಿನ್ನು. ಗುಮಾಸ್ತರು ಎದ್ದು ಬಂದು ಕೈ ಕುಲುಕಿದ್ರು. ಇಲ್ಲಿಗೆ ಬೈದು ಬರೆಯೋರೇ ಎಲ್ಲ, ಹೊಗಳಿ ಬಂದ ಕಾಗದ ಇದೊಂದೇ ಅಂತ ಸಾಹೇಬ್ರೇ ಹಾಕ್ಸಿದ್ರಂತೆ.

"ಎರಡನೇ ಪುಟ ಸರ್?"

"ಅದರ ಹಿಂದೇನೇ ಇದೆ. ಬೋರ್ಡಲ್ಲಿ ಜಾಗ ಇರ್ಲಿಲ್ಲ."

ಒಂದು ಕ್ಷಣ ಹಿಗ್ಗಿದೆ, ಸುಳ್ಳು ಯಾಕೆ ಹೇಳ್ಲಿ. ತಿರುಗಿದ್ರೆ ಚಾಚಿ ಬೆಂಚಲ್ಲಿ ಕೂತು ಮಂಡಿ ಒತ್ಕೋತಿದ್ರು. ಓದು ಅಂದ್ರು. ರಾಗವಾಗೇ ಓದಿದೆ.

"ಇದ್ರಲ್ಲಿ ನನ್ ನಲ್ಲಿ ಎಲ್ಲಿ ಬರುತ್ತೆ ಬೇಟಾ?"

"ಇನ್ನೊಂದು ಪುಟ ಇದೆ ಚಾಚಿ."

"ಅಲ್ಲೀವರೆಗೆ ಹೋಗೋಷ್ಟ್ರಲ್ಲಿ ನಂಗೇ ಬಾಯಾರ್ಕೆ ಆಗುತ್ತೆ."

ಅಲ್ಲೇ ಇನ್ನೊಂದು ಹಾಳೆ ಇಸ್ಕೊಂಡು, ಅವ್ರು ಹೇಳಿದ್ದನ್ನ ಬರ್ಕೊಂಡೆ. ನಮ್ಮ ಬೀದಿ ನಲ್ಲೀಲಿ ತಿಂಗಳಿಂದ ನೀರಿಲ್ಲ. ನಂಗೆ ಮಂಡಿ ನೋವು, ದಿನಕ್ಕೆ ಎರಡು ಕೊಡಕ್ಕಿಂತ ಜಾಸ್ತಿ ಹೊರಕ್ಕಾಗಲ್ಲ. ಯಾರನ್ನಾದ್ರೂ ಕಳ್ಸಿ. ಹಸಿರು ಬಾಗ್ಲು, ಮುಂದೆ ನುಗ್ಗೆ ಮರ. ಮಧ್ಯಾಹ್ನದವರೆಗೆ ನಾನು ಎಲ್ಲೂ ಹೋಗಲ್ಲ. ನಡುವೆ ಚಾಚಿ ಉಸಿರು ತಗೊಂಡಾಗ ಒಂದು "ಸವಿನಯ" ತುರುಕೋಕೆ ನೋಡಿದೆ.

"ನಾನು ಸುಮ್ನಿದ್ದಾಗ ನಿನ್ ಪೆನ್ನು ಯಾಕೆ ಓಡ್ತಿದೆ?" ಅಂದ್ರು.

ಮಾರನೇ ದಿನ ಬೆಳಗ್ಗೆ ನೀರು ಬಿಡೋರು ನುಗ್ಗೆ ಮರ ಹುಡುಕ್ಕೊಂಡು ಸೀದಾ ಬಂದ್ರು. ಯಾರೋ ಮನೆ ಕಟ್ಟೋಕೆ ಸುರಿದಿದ್ದ ಮರಳಿನ ಕೆಳಗೆ ವಾಲ್ವ್ ಹೂತೋಗಿತ್ತು. ನೀರು ಬಂತು. ಚಾಚಿ ಕೊಡ ಇಟ್ಟು ಪಕ್ಕದಲ್ಲೇ ಕೂತ್ರು. ಅದು ತುಂಬಿ ಚೆಲ್ಲಿದ್ರೂ ಏಳ್ಲಿಲ್ಲ.

ಜೆರಾಕ್ಸ್ ಮೆಶಿನ್ ಇನ್ನೂ ಓಡ್ತಾನೇ ಇದೆ. ನನ್ನ ಸಂಶೋಧನೆ ಭದ್ರಾವತಿಯ ಅಂಗಡಿ ಬೋರ್ಡುಗಳ ಕನ್ನಡದ ಮೇಲೆ. ಮೊದಲ್ನೇ ಪುಟದಲ್ಲಿ ಮನುಷ್ಯ ಗುಹೇಲಿದ್ದಾನೆ. ನಾಲ್ಕರಲ್ಲಿ ಬೆಂಕಿ ಕಂಡುಹಿಡೀತಾನೆ. ನಲ್ಲಿ ಎಲ್ಲಪ್ಪಾ ಅಂತ ಹಾಳೆ ತಿರುವ್ತಾ ಹೋದೆ. ಹದಿನಾಲ್ಕನೇ ಪುಟದಲ್ಲಿ ಸಿಕ್ತು: "ನಾನು ಭದ್ರಾವತಿಯ ನಲವತ್ತು ಬೋರ್ಡುಗಳನ್ನು ಓದಿದೆ."

ಅಲ್ಲಿಂದಾಚೆಗಿನದನ್ನಷ್ಟೇ ಜೋಡಿಸಿ ಪಿನ್ ಹೊಡೆಸ್ದೆ. ಉಳಿದ ಹದಿಮೂರು ಹಾಳೆ ಎತ್ತಿ ಹಿಡಿದು ಅಂಗಡಿಯವರು ಏನ್ಮಾಡ್ಲಿ ಅಂದ್ರು.

ನೋಟಿಸ್ ಬೋರ್ಡ್ ಇದ್ರೆ ಹಾಕ್ಕೊಳ್ಳಿ ಅಂದೆ.