ಹೆಡ್‌ಫೋನಿನೊಳಗಿನ ದನಿ

ಗುಂಡ್ಲುಪೇಟೆ ಬಳಿಯ ಶಾಲೆಯೊಂದಕ್ಕೆ, ಕನ್ನಡ ಪಾಠಕ್ಕೆಂದು ಬಂದ ಕಂಪ್ಯೂಟರ್ ಜೋಡಿಸಲು ಹೋಗಿದ್ದೆ. ಅಲ್ಲಿ ಏಳನೇ ತರಗತಿಯ ಮಾದೇವಿ ಯಾರೆದುರೂ ಗಟ್ಟಿಯಾಗಿ ಓದುತ್ತಿರಲಿಲ್ಲ.

"ಬಾಯಿ ಬುಡು ಕಣಮ್ಮಿ, ಓದ್ನಿಲ್ಲ ಅಂದ್ರೆ ಮಾರ್ಕ್ಸ್ ಎಲ್ಲಿಂದ ಕೊಡ್ಲಿ?" ಎಂದು ಮೇಷ್ಟ್ರು ಗೋಗರೆದರೂ ಅವಳು ತುಟಿ ಬಿಚ್ಚಲಿಲ್ಲ.

ಎಲ್ಲರನ್ನೂ ಹೊರಗೆ ಕಳಿಸಿ ಮೈಕು ಕೊಟ್ಟೆ. ಪಿಸುದನಿಯಲ್ಲಿ ನಾಲ್ಕು ಸಾಲು ಓದಿದಳು. ಕಂಪ್ಯೂಟರು ಹಿಡಿದಿಟ್ಟ ಆ ದನಿಯನ್ನೇ ಹೆಡ್‌ಫೋನಿನಲ್ಲಿ ಕೇಳಿಸಿದಾಗ ಬೆಚ್ಚಿಬಿದ್ದಳು.

"ಸಾ, ಇದ್ರೊಳ್ಗೆ ನಮ್ಮವ್ವ ಓದ್ತಾವ್ಳೆ!"

"ನಿಮ್ಮವ್ವನಿಗೆ ಓದೋಕೆ ಬರುತ್ತಾ?" ಎಂದೆ.

"ಇಲ್ಲ ಸಾ. ಈಗ ಓದ್ತಾವ್ಳಲ್ಲ!"

ಆಮೇಲೆ ಇಡೀ ಪಾಠವನ್ನು ಗಟ್ಟಿಯಾಗಿ ಓದಿದಳು. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ಮಾರ್ಕ್ಸ್ ಪಟ್ಟಿ ತೆಗೆದರು.

ಎಲ್ಲರೂ ಹೋದ ಮೇಲೆ ನನ್ನ ದನಿಯನ್ನೂ ಮೈಕಿನಲ್ಲಿ ಹಿಡಿದಿಟ್ಟು ಕೇಳಿ ನೋಡಿದೆ. ತೀರಿಹೋದ ಅಪ್ಪ ಅದರೊಳಗೆ ಎಂದಿನಂತೆ ಗೊಣಗುತ್ತಿದ್ದರು.